ಗಿಡ್ಡ ಹೇಂಟೆಗೆ ದೊಡ್ಡ ಹುಂಜ: ಮರಿ ಮೊಟ್ಟೆಯೊಳಗೇ ಸಾಯೋದು ಯಾಕೆ?

ಓದುಗರ ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಹಿತ್ತಲಲ್ಲಿ ನಾಟಿ ಕೋಳಿ ಮೊದಲಿಂದಲೂ ಇವೆ. ಹೋದ ವರ್ಷ ಮಗಳ ಆಸೆಗೆ ಗಿಡ್ಡ ಕಾಲಿನ ಬ್ಯಾಂಟಮ್ ತಂದೆವು, ಎರಡು ಹೇಂಟೆ, ಒಂದು ಹುಂಜ. ಆಗಲೂ ಅವುಗಳ ಮೊಟ್ಟೆಯಲ್ಲಿ ಮರಿ ಕಡಿಮೆಯೇ ಆಗ್ತಿತ್ತು. ಎರಡು ತಿಂಗಳ ಹಿಂದೆ ಆ ಹುಂಜನನ್ನು ಮುಂಗುಸಿ ಹಿಡೀತು. ಈಗ ಮೂರೂವರೆ ಕೆ.ಜಿ. ತೂಗುವ ನಮ್ಮ ಗಿರಿರಾಜ ಹುಂಜವೇ ಈ ಪುಟ್ಟ ಹೇಂಟೆಗಳನ್ನೂ ಮೆಟ್ಟುತ್ತದೆ. ಮಾರ್ಚ್‌ನಲ್ಲಿ ಫ್ಯಾನ್ ಇರುವ ಥರ್ಮೋಕೋಲ್ ಇನ್‌ಕ್ಯುಬೇಟರ್‌ನಲ್ಲಿ 15 ನಾಟಿ ಮೊಟ್ಟೆ, 12 ದಿನ ಕೂಡಿಟ್ಟ 10 ಬ್ಯಾಂಟಮ್ ಮೊಟ್ಟೆ ಒಟ್ಟಿಗೆ ಇಟ್ಟೆ. ಉಷ್ಣತೆ 37.5 ಇತ್ತು, ತೇವಾಂಶ 35–40 ತೋರಿಸ್ತಿತ್ತು. 18ನೇ ದಿನ ಸಂಜೆವರೆಗೂ ಮೊಟ್ಟೆ ತಿರುಗಿಸಿದೆ, 19ನೇ ದಿನ ನೀರಿನ ತಟ್ಟೆ ಇನ್ನೊಂದು ಇಟ್ಟೆ. ನಾಟಿಯಲ್ಲಿ 11 ಮರಿ ಬಂದವು. ಬ್ಯಾಂಟಮ್‌ನಲ್ಲಿ 3 ಗೊಡ್ಡು ಮೊಟ್ಟೆ. 19ನೇ ದಿನ ರಾತ್ರಿ 2 ಮರಿ ಆಚೆ ಬಂದವು, ಅವನ್ನು ತೆಗೆಯೋಕೆ, ಉಳಿದದ್ದು ನೋಡೋಕೆ ಅಂತ ಮುಚ್ಚಳ ನಾಲ್ಕೈದು ಸಲ ತೆಗೆದೆ. ಒಂದು ಮರಿ ಚಿಪ್ಪು ಕುಕ್ಕಿ ಅಲ್ಲೇ ಒಣಗಿ ಸತ್ತಿತು. ಉಳಿದ 4 ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿ ಒಳಗೇ ಸತ್ತಿತ್ತು, ಬಿಳಿ ಪೊರೆ ಒಣಗಿ ಮೈಗೆ ಅಂಟಿಕೊಂಡಿತ್ತು. ನಮ್ಮತ್ತೆ, “ದೊಡ್ಡ ಹುಂಜದ ಮರಿ ಸಣ್ಣ ಮೊಟ್ಟೆಲಿ ಹಿಡಿಸುತ್ತಾ? ಉಸಿರುಕಟ್ಟಿ ಸತ್ತಿವೆ, ಹಿಂಗೇ ಬಿಟ್ಟರೆ ಹೇಂಟೆಯೂ ಮೊಟ್ಟೆ ಇಡೋವಾಗ ಹರಿದು ಸಾಯುತ್ತೆ” ಅಂತಾರೆ. ಒಂದು ಹೇಂಟೆಯ ಬೆನ್ನಿನ ಪುಕ್ಕ ಬೇರೆ ಉದುರಿದೆ. ಈ ಕ್ರಾಸ್ ನಿಲ್ಲಿಸಬೇಕಾ? ಗಿಡ್ಡ ಹುಂಜ ತಂದು ನಾಟಿ ಹೇಂಟೆಗೆ ಬಿಟ್ಟರೆ ಸರಿಹೋಗುತ್ತಾ? ಈ ಮರಿಗಳು ಎಷ್ಟು ದೊಡ್ಡ ಆಗ್ತವೆ?

ಉತ್ತರ:

ನೀವು ಸತ್ತ ಮೊಟ್ಟೆಗಳನ್ನು ಒಡೆದು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದೀರಿ. ಬಹಳ ಜನ ಸುಮ್ನೆ ತಿಪ್ಪೆಗೆ ಎಸೆದು “ಮರಿ ಆಗಲಿಲ್ಲ ಸಾರ್” ಅಂತಷ್ಟೇ ಹೇಳುತ್ತಾರೆ, ಆಮೇಲೆ ಕಾರಣ ಹುಡುಕೋದು ಕಷ್ಟ. ನಿಮ್ಮ ವಿವರದಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಮೊದಲು ನೇರ ಮಾತು ಹೇಳಿಬಿಡುತ್ತೇನೆ: ನಿಮ್ಮ ಮರಿಗಳನ್ನು ಕೊಂದದ್ದು ಹುಂಜದ ಗಾತ್ರ ಅಲ್ಲ. ಪೆಟ್ಟಿಗೆಯೊಳಗಿನ ಒಣಗಾಳಿ, ಜೊತೆಗೆ ಎರಡು ಬೇರೆ ಬೇರೆ ಅಳತೆಯ ಮೊಟ್ಟೆಗಳನ್ನು ಒಂದೇ ದಿನ, ಒಂದೇ ಲೆಕ್ಕದಲ್ಲಿ ನಡೆಸಿದ್ದು.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕೋದಿಲ್ಲ. ಆ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಲೆನಾಡು ಗಿಡ್ಡ ಹಸುವಿಗೆ ದೊಡ್ಡ ಎಚ್‌ಎಫ್ ತಳಿಯ ವೀರ್ಯ ಕೊಡಿಸಿ, ಕರು ದೊಡ್ಡದಾಗಿ, ಹೆರಿಗೆ ಕಷ್ಟವಾಗಿ ರಾತ್ರಿಯೆಲ್ಲ ಒದ್ದಾಡಿದ್ದನ್ನು ನಮ್ಮ ಹಳ್ಳಿಗಳಲ್ಲಿ ತುಂಬಾ ಜನ ಕಣ್ಣಾರೆ ನೋಡಿದ್ದಾರೆ. ಹಸುವಿನ ಮಟ್ಟಿಗೆ ಅದು ನಿಜವೇ. ಕರು ಒಂಬತ್ತು ತಿಂಗಳು ತಾಯಿಯ ರಕ್ತದಿಂದ ಆಹಾರ ಎಳೆದುಕೊಂಡು ಬೆಳೆಯುತ್ತದೆ, ಅಪ್ಪನ ಗುಣ ಅಲ್ಲಿ ಕೆಲಸ ಮಾಡುತ್ತದೆ. ಕೋಳಿಯಲ್ಲಿ ಲೆಕ್ಕವೇ ಬೇರೆ. ಮೊಟ್ಟೆ ಆಚೆ ಬರೋ ಹೊತ್ತಿಗೆ ಮರಿಗೆ ಬೇಕಾದ ಪೂರ್ತಿ ಬುತ್ತಿ ಕಟ್ಟಿ ಮುಗಿದಿರುತ್ತದೆ. ಆಮೇಲೆ ಒಂದು ತುತ್ತೂ ಸೇರೋದಿಲ್ಲ.

ಸ್ವಲ್ಪ ವಿವರವಾಗಿ ನೋಡೋಣ. ಹೇಂಟೆಯ ಅಂಡಾಶಯದಿಂದ ಹಳದಿ ಬಿಡುಗಡೆಯಾದ ಮೇಲೆ ಕಾಲು ಗಂಟೆಯೊಳಗೆ ಹುಂಜದ ವೀರ್ಯಾಣು ಅದನ್ನು ಸೇರಬೇಕು. ಅದಾದ ಮೇಲೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಪೊರೆ ಬರುತ್ತದೆ, ಕೊನೆಗೆ ಚಿಪ್ಪು ಕಟ್ಟೋಕೆ ಸುಮಾರು 20 ಗಂಟೆ. ಎಲ್ಲ ಸೇರಿ ಒಂದು ದಿನದ ಮೇಲೆ ಸ್ವಲ್ಪ. ಈ ಕೆಲಸದಲ್ಲಿ ಹುಂಜದ ಪಾತ್ರ ಒಂದು ಕಣ್ಣಿಗೆ ಕಾಣದ ಜೀವಕೋಶ ಮಾತ್ರ. ಹಳದಿ ಎಷ್ಟು ದೊಡ್ಡದು, ಬಿಳಿ ಎಷ್ಟು, ಚಿಪ್ಪು ಎಷ್ಟು ಅಗಲ ಅನ್ನೋದೆಲ್ಲ ಹೇಂಟೆಯ ತಳಿ, ವಯಸ್ಸು, ಮೇವು ನಿರ್ಧರಿಸುವ ವಿಷಯ. ಹುಂಜ ಇಲ್ಲದೆಯೂ ಅದು ಅಷ್ಟೇ ದೊಡ್ಡ ಮೊಟ್ಟೆ ಇಡುತ್ತಿತ್ತು. ಹಾಗಾಗಿ ದೊಡ್ಡ ಹುಂಜ ಮೆಟ್ಟಿತು ಅಂತ ಹೇಂಟೆ ಹರಿದುಹೋಗೋ ಪ್ರಶ್ನೆ ಬರೋದಿಲ್ಲ. ಮೊಟ್ಟೆ ಸಿಕ್ಕಿಕೊಳ್ಳೋದು ಇದೆ, ಅದು ಅಪಾಯವೂ ಹೌದು. ಆದರೆ ಅದಕ್ಕೆ ಕಾರಣ ಸುಣ್ಣದಂಶದ ಕೊರತೆ, ಅತಿಯಾದ ಕೊಬ್ಬು, ಎಳೇ ವಯಸ್ಸಿಗೇ ಮೊಟ್ಟೆ ಶುರುವಾಗೋದು, ವಿಪರೀತ ಸೆಕೆ. ಕಪ್ಪೆಚಿಪ್ಪಿನ ಚೂರು ಒಂದು ಬಟ್ಟಲಲ್ಲಿ ಯಾವಾಗಲೂ ಇಟ್ಟಿರಿ, ಬೇಕಾದಷ್ಟು ಅವೇ ತಿಂದುಕೊಳ್ಳುತ್ತವೆ.

ಇನ್ನು ಮರಿ “ಹಿಡಿಸದ” ಮಾತು. ಮೊಟ್ಟೆಯಿಂದ ಬಂದ ದಿನ ಮರಿಯ ತೂಕ ಮೊಟ್ಟೆಯ ತೂಕದ ಮೂರನೇ ಎರಡು ಭಾಗದಷ್ಟಿರುತ್ತದೆ, ಸ್ವಲ್ಪ ಹೆಚ್ಚುಕಡಿಮೆ. 32 ಗ್ರಾಂ ಮೊಟ್ಟೆಯಿಂದ 21–22 ಗ್ರಾಂ ಮರಿ. 54 ಗ್ರಾಂ ಮೊಟ್ಟೆಯಿಂದ 36 ಗ್ರಾಂ ಮರಿ. ಅಪ್ಪ ಗಿರಿರಾಜ ಆಗಲಿ, ಗಿಡ್ಡ ಬ್ಯಾಂಟಮ್ ಆಗಲಿ, ಅದೇ ಬ್ಯಾಂಟಮ್ ಮೊಟ್ಟೆಯಿಂದ ಬರುವ ಮರಿ ಹೆಚ್ಚುಕಡಿಮೆ ಒಂದೇ ತೂಕ. ಅಪ್ಪನ ಗಾತ್ರ ಕಾಣಿಸಿಕೊಳ್ಳೋದು ಆಚೆ ಬಂದು ಮೇವು ತಿನ್ನೋಕೆ ಶುರುಮಾಡಿದ ಮೇಲೆ. ಮೊಟ್ಟೆ ಒಡೆದಾಗ ಮರಿ ಒಳಗೆ ಇಕ್ಕಟ್ಟಾಗಿ ಮಡಚಿಕೊಂಡಿರೋದು ನೋಡಿ “ಜಾಗ ಸಾಲಲಿಲ್ಲ” ಅನ್ನಿಸೋದು ಸಹಜ. ಆದರೆ ಕೊನೇ ಎರಡು ಮೂರು ದಿನ ಯಾವ ಮೊಟ್ಟೆಯಲ್ಲಾದರೂ ಮರಿ ಹಾಗೇ ಇರುತ್ತದೆ, ತಲೆ ಬಲರೆಕ್ಕೆಯ ಕೆಳಗೆ, ಕೊಕ್ಕು ಗಾಳಿ ಕೋಣೆಯ ಕಡೆಗೆ. ಆ ಇಕ್ಕಟ್ಟಿನಿಂದಲೇ ಅದು ಒತ್ತಿ ಚಿಪ್ಪು ಒಡೆಯಲು ಸಾಧ್ಯವಾಗೋದು.

ಹಾಗಾದರೆ ನಿಮ್ಮ ಮರಿ ಸತ್ತದ್ದು ಯಾಕೆ? ನೀವು ಬರೆದ ಒಂದು ಸಾಲು ನೋಡಿ: ಬಿಳಿ ಪೊರೆ ಒಣಗಿ ಮೈಗೆ ಅಂಟಿಕೊಂಡಿತ್ತು. ಇದು ತೇವಾಂಶ ಸಾಲದ್ದರ ಗುರುತು. ತೇವಾಂಶ ಜಾಸ್ತಿಯಾಗಿ ಸತ್ತಿದ್ದರೆ ಮರಿ ಊದಿಕೊಂಡು, ಮೈಯೆಲ್ಲ ಲೋಳೆಯಾಗಿ, ಗಾಳಿ ಕೋಣೆ ಚಿಕ್ಕದಾಗಿ ಇರುತ್ತಿತ್ತು. ಮುಂದಿನ ಸಲ ಒಡೆದಾಗ ಇದನ್ನೇ ನೋಡಿ. ಒಣಗಿದ ಪೊರೆ, ಅಗಲವಾದ ಗಾಳಿ ಕೋಣೆ ಇದ್ದರೆ ನೀರು ಕಡಿಮೆ. ಒದ್ದೆ ಒದ್ದೆ ಇದ್ದರೆ ನೀರು ಜಾಸ್ತಿ.

ಒಂದು ಮೊಟ್ಟೆ 18ನೇ ದಿನದ ಹೊತ್ತಿಗೆ ತನ್ನ ತೂಕದಲ್ಲಿ ನೂರಕ್ಕೆ 11ರಿಂದ 13ರಷ್ಟು ಕಳೆದುಕೊಳ್ಳಬೇಕು. ಅದೆಲ್ಲ ಚಿಪ್ಪಿನ ಸಣ್ಣ ರಂಧ್ರಗಳಿಂದ ಹೋಗುವ ನೀರು. ಅದು ಹೋದ ಜಾಗದಲ್ಲೇ ಗಾಳಿ ಕೋಣೆ ದೊಡ್ಡದಾಗೋದು, ಮರಿ ಮೊದಲ ಉಸಿರು ಎಳೆಯೋದು ಅಲ್ಲಿಂದ. ಕಡಿಮೆ ಹೋದರೂ ಕಷ್ಟ, ಜಾಸ್ತಿ ಹೋದರೂ ಕಷ್ಟ. ಈಗ ಸಣ್ಣ ಮೊಟ್ಟೆಯ ವಿಷಯ ಬರುತ್ತದೆ. ಒಳಗಿನ ತೂಕಕ್ಕೆ ಹೋಲಿಸಿದರೆ ಅದರ ಹೊರಮೈ ಜಾಸ್ತಿ, ಆದ್ದರಿಂದ ಅದೇ ಪೆಟ್ಟಿಗೆಯಲ್ಲಿ, ಅದೇ ಗಾಳಿಯಲ್ಲಿ, ದೊಡ್ಡ ಮೊಟ್ಟೆಗಿಂತ ಬೇಗ ಒಣಗುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ತೇವಾಂಶ 35–40 ಇತ್ತು. ನಾಟಿ ಮೊಟ್ಟೆ ಅದನ್ನು ಹೇಗೋ ತಡೆದುಕೊಂಡಿತು, 15ರಲ್ಲಿ 11 ಬಂದವು. ಬ್ಯಾಂಟಮ್ ಮೊಟ್ಟೆ ತಡೆಯಲಿಲ್ಲ. ತಿಪಟೂರು ಕಡೆಯ ಮಾರ್ಚ್ ಬಿಸಿಲು, ಒಣಗಾಳಿ ಬೇರೆ ನಿಮಗೇ ಗೊತ್ತು.

ಎರಡನೇ ಕಾರಣ ದಿನದ ಲೆಕ್ಕ. ಕೋಳಿ ಮೊಟ್ಟೆಗೆ 21 ದಿನ ಅನ್ನೋದು ದೊಡ್ಡ, ಮಧ್ಯಮ ಮೊಟ್ಟೆಯ ಲೆಕ್ಕ. ಬ್ಯಾಂಟಮ್ ಮೊಟ್ಟೆ ಸಾಮಾನ್ಯವಾಗಿ 19ನೇ ದಿನದ ಕೊನೆಗೋ 20ನೇ ದಿನಕ್ಕೋ ಒಡೆಯುತ್ತದೆ. ನೀವು 18ನೇ ದಿನ ಸಂಜೆವರೆಗೂ ತಿರುಗಿಸುತ್ತಾ ಇದ್ದಾಗ ಆ ಮರಿಗಳು ಆಗಲೇ ಒಳಪೊರೆ ಹರಿದು ಗಾಳಿ ಕೋಣೆಗೆ ಕೊಕ್ಕು ಹಾಕುವ ತಯಾರಿಯಲ್ಲಿದ್ದವು. ನೀರಿನ ತಟ್ಟೆ ಇಟ್ಟದ್ದು 19ಕ್ಕೆ. ಅಷ್ಟರಲ್ಲಿ ತಡವಾಗಿತ್ತು. ಆಮೇಲೆ ಬಂದ ಎರಡು ಮರಿ ತೆಗೆಯೋಕೆ ಮುಚ್ಚಳ ತೆಗೆದಾಗಲೆಲ್ಲ ಒಳಗಿನ ಹಬೆ ಒಂದು ಕ್ಷಣದಲ್ಲಿ ಆಚೆ ಹೋಗುತ್ತದೆ, ಆಗ ಚಿಪ್ಪು ಕುಕ್ಕಿದ ಮರಿಯ ಸುತ್ತ ಪೊರೆ ಕಾಗದದ ಥರ ಬಿಗಿದುಕೊಳ್ಳುತ್ತದೆ. ಅದು ತಿರುಗಲಾರದೆ ಅಲ್ಲೇ ನಿಲ್ಲುತ್ತದೆ. ಚಿಪ್ಪು ಕುಕ್ಕಿ ಸತ್ತ ನಿಮ್ಮ ಆ ಒಂದು ಮರಿಗೆ ಆದದ್ದು ಇದೇ ಅಂತ ನನ್ನ ಅಂದಾಜು. ಮೊದಲು ಬಂದ ಮರಿಗಳನ್ನು ತೆಗೆಯೋ ಆತುರ ಬೇಕಿಲ್ಲ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಇರುತ್ತದೆ, ಒಂದು ದಿನ ಮೇವು ನೀರು ಇಲ್ಲದೆ ಅಲ್ಲೇ ಇದ್ದರೂ ಏನೂ ಆಗೋದಿಲ್ಲ.

ಮೂರು ಗೊಡ್ಡು ಮೊಟ್ಟೆಗಳ ಬಗ್ಗೆ ಎರಡು ಸಾಧ್ಯತೆ ಇದೆ. ಹುಂಜದ ಭಾರಕ್ಕೆ ಹೇಂಟೆ ಕುಸಿದು ಕೂಡೋದು ಸರಿಯಾಗದೇ ಇರಬಹುದು. ಅಥವಾ ಮೊಟ್ಟೆ ಕಟ್ಟಿದ್ದು, ಅಂದರೆ ಹುಂಜದ ವೀರ್ಯಾಣು ಸೇರಿದ್ದು ನಿಜ, ಆದರೆ 12 ದಿನ ಮನೆ ಸೆಕೆಯಲ್ಲಿ ಕೂತು ಒಳಗಿನ ಜೀವ ಆಗಲೇ ಹೋಗಿರಬಹುದು. ಮೊಟ್ಟೆಯೊಳಗಿನ ಬೆಳವಣಿಗೆ ನಿಲ್ಲಬೇಕಾದರೆ 20–21 ಡಿಗ್ರಿಗಿಂತ ತಂಪು ಬೇಕು. ನಮ್ಮ ಬೇಸಿಗೆಯಲ್ಲಿ ಮನೆಯೊಳಗೇ 30ರ ಮೇಲೆ ಇರುತ್ತದೆ. ಆ ಬಿಸಿಗೆ ಅರೆಬರೆ ಬೆಳೆಯುತ್ತದೆ, ನಿಲ್ಲುತ್ತದೆ, ಕೊನೆಗೆ ಸಾಯುತ್ತದೆ. ಬೆಳಕು ಹಿಡಿದು ನೋಡಿದರೆ ಎರಡೂ ಗೊಡ್ಡಿನ ಹಾಗೇ ಕಾಣುತ್ತವೆ. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಅಡುಗೆಗೆ ಆ ಹೇಂಟೆಯ ತಾಜಾ ಮೊಟ್ಟೆ ಒಡೆದಾಗ ತಟ್ಟೆಗೆ ಹಾಕಿ ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಚುಕ್ಕೆ ಚಿಕ್ಕದಾಗಿ, ಗಟ್ಟಿ ಬಿಳಿಯಾಗಿ, ಅಂಚು ಅಂಕುಡೊಂಕಾಗಿದ್ದರೆ ಹುಂಜ ಕೂಡಿಲ್ಲ. ಸ್ವಲ್ಪ ಅಗಲವಾಗಿ, ಗುಂಡಗೆ, ನಡುವೆ ತಿಳಿಯಾಗಿ ಸುತ್ತ ಬಿಳಿ ಉಂಗುರ ಇದ್ದರೆ ಕಟ್ಟಿದ ಮೊಟ್ಟೆ. ನಾಲ್ಕೈದು ಮೊಟ್ಟೆ ಹೀಗೆ ನೋಡಿದರೆ ನಿಮ್ಮ ಹುಂಜದ ಕಥೆ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿ ದೊಡ್ಡ ಹುಂಜ ಇದ್ದರೆ ಏನೂ ತೊಂದರೆ ಇಲ್ಲ ಅಂದರೆ ತಪ್ಪಾಗುತ್ತದೆ. ತೊಂದರೆ ಇದೆ, ಅದು ಹೇಂಟೆಯ ಬೆನ್ನಿಗೆ. ಮುಕ್ಕಾಲು ಕೆ.ಜಿ. ಹೇಂಟೆಯ ಮೇಲೆ ಮೂರೂವರೆ ಕೆ.ಜಿ. ಹುಂಜ ಹತ್ತಿದರೆ ಪುಕ್ಕ ಹೋಗೋದು ಮೊದಲ ಹಂತ ಮಾತ್ರ. ರೆಕ್ಕೆಯ ಕೆಳಗೆ, ಪಕ್ಕೆಯಲ್ಲಿ ಹುಂಜದ ಕಾಲಿನ ಮುಳ್ಳು ಚರ್ಮವನ್ನು ಉದ್ದಕ್ಕೆ ಸೀಳುತ್ತದೆ. ಪುಕ್ಕ ಮುಚ್ಚಿರುವುದರಿಂದ ಅದು ಕಾಣೋದೇ ಇಲ್ಲ, ನೊಣ ಕೂತು ಹುಳ ಬಿದ್ದು ವಾಸನೆ ಬಂದ ಮೇಲೆ ನನ್ನ ಹತ್ತಿರ ತರುತ್ತಾರೆ. ಇವತ್ತೇ ಆ ಹೇಂಟೆಯನ್ನು ಹಿಡಿದು ಎರಡೂ ರೆಕ್ಕೆ ಎತ್ತಿ ಪಕ್ಕೆ ನೋಡಿ. ಗೀರು ಇದ್ದರೆ ಉಪ್ಪುನೀರಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ, ಗಾಯ ಒಣಗಿ ಪುಕ್ಕ ಬರೋವರೆಗೂ ಹುಂಜದಿಂದ ದೂರ ಇಡಿ. ಆಳದ ಸೀಳಾದರೆ ಹೊಲಿಗೆ ಬೇಕು, ಹತ್ತಿರದ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಕುಂಟುತ್ತಿದ್ದರೆ, ಹುಂಜ ಬಂದರೆ ಮೂಲೆ ಹುಡುಕಿ ಕೂರುತ್ತಿದ್ದರೆ ಅದಕ್ಕೆ ನೋವಿದೆ ಅಂತ ಅರ್ಥ.

ಹುಂಜ ಯಾವಾಗಲೂ ಜೊತೆಗೇ ಇರಬೇಕಿಲ್ಲ. ಹೇಂಟೆಯ ದೇಹದಲ್ಲಿ ವೀರ್ಯ ಕೂಡಿಟ್ಟುಕೊಳ್ಳುವ ಸಣ್ಣ ಕೊಳವೆಗಳಿವೆ. ಒಂದು ಸಲ ಸರಿಯಾಗಿ ಕೂಡಿದರೆ 10ರಿಂದ 14 ದಿನ ಕಟ್ಟಿದ ಮೊಟ್ಟೆ ಸಿಗುತ್ತದೆ, ಕೆಲವಕ್ಕೆ ಮೂರು ವಾರದವರೆಗೂ. (ನಿಮ್ಮ ಗಿಡ್ಡ ಹುಂಜ ಹೋಗಿ ಎರಡು ತಿಂಗಳಾಗಿದೆ, ಆದ್ದರಿಂದ ಮಾರ್ಚ್‌ನ ಮರಿಗಳು ಗಿರಿರಾಜನವೇ ಇರಬೇಕು.) ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ, ನಿಮ್ಮ ಕಣ್ಣೆದುರಿಗೆ ಬಿಟ್ಟರೆ ಸಾಕು. ಸಂಜೆ ಹೊತ್ತೇ ಹುಂಜ ಹೆಚ್ಚು ಮೆಟ್ಟೋದು. ಅದಕ್ಕೆ ಮೊದಲು ಹುಂಜದ ಕಾಲಿನ ಮುಳ್ಳಿನ ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ತುದಿ ಮಾತ್ರ, ಒಳಗೆ ಹೋದರೆ ರಕ್ತ ಬರುತ್ತದೆ. ಹೇಂಟೆಯ ಬೆನ್ನಿಗೆ ದಪ್ಪ ಬಟ್ಟೆಯ ಹೊದಿಕೆ ಹೊಲಿದು ರೆಕ್ಕೆಗೆ ಎಲಾಸ್ಟಿಕ್ ಹಾಕಿ ಕಟ್ಟೋದೂ ಉಂಟು. ಗೀರು ತಡೆಯುತ್ತದೆ, ಭಾರ ತಡೆಯೋದಿಲ್ಲ. ಕೃತಕ ಗರ್ಭಧಾರಣೆ ಕೋಳಿಯಲ್ಲೂ ಇದೆ, ದೊಡ್ಡ ಫಾರಂಗಳಲ್ಲಿ ಮಾಡುತ್ತಾರೆ, ಆದರೆ ಎರಡು ಹೇಂಟೆಗೆ ಅಷ್ಟು ತಾಪತ್ರಯ ಬೇಡ.

ನನ್ನನ್ನು ಕೇಳಿದರೆ, ಮೂರೂವರೆ ಕೆ.ಜಿ. ಹುಂಜನನ್ನು ಮುಕ್ಕಾಲು ಕೆ.ಜಿ. ಹೇಂಟೆಗೆ ಬಿಡಲೇಬೇಡಿ ಅನ್ನುತ್ತೇನೆ. ಕ್ರಾಸ್ ಬೇಕೇ ಬೇಕು ಅಂದರೆ ಒಂದೂವರೆ, ಎರಡು ಕೆ.ಜಿ.ಯ ಎಳೇ ನಾಟಿ ಹುಂಜ ನೋಡಿಕೊಳ್ಳಿ. ಮರಿಗೆ ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ಹೇಂಟೆ ಉಳಿಯುತ್ತದೆ.

ಈಗ ನೀವು ಕೇಳಿದ ಇನ್ನೊಂದು ದಾರಿ, ಗಿಡ್ಡ ಹುಂಜ ತಂದು ನಾಟಿ ಹೇಂಟೆಗೆ ಬಿಡೋದು. ಮರಿ ಮಾಡಿಸೋ ದೃಷ್ಟಿಯಿಂದ ಇದು ಸುಲಭ. ಮೊಟ್ಟೆ ನಾಟಿ ಅಳತೆಯದು, 21 ದಿನದ ಲೆಕ್ಕ ಸರಿಹೋಗುತ್ತದೆ, ಮರಿ ದಪ್ಪವಾಗಿ ಗಟ್ಟಿಯಾಗಿ ಬರುತ್ತದೆ, ಹೇಂಟೆಗೆ ಗಾಯದ ಭಯವೂ ಇಲ್ಲ. ತೊಡಕು ಒಂದೇ, ಹುಂಜಕ್ಕೆ ಎಟುಕಬೇಕು. ಹೇಂಟೆ ತಾನಾಗಿ ಕೂತು ಕೊಟ್ಟರೆ ಗಿಡ್ಡ ಹುಂಜವೂ ಕೆಲಸ ಮುಗಿಸುತ್ತದೆ, ಆದರೆ ತಲೆಯ ಹಿಂದಿನ ಪುಕ್ಕ ಕೊಕ್ಕಲ್ಲಿ ಹಿಡಿದುಕೊಂಡು ಹಿಂದಕ್ಕೆ ಬಾಗಿದಾಗ ಎರಡರ ಗುದದ್ವಾರ ಸೇರದೇ ಹೋಗೋದು ಸಾಮಾನ್ಯ. ಗೊಡ್ಡು ಮೊಟ್ಟೆ ಜಾಸ್ತಿ ಬರಬಹುದು. ಸಣ್ಣ ಮೈಯ, ಒಂದು ಒಂದೂಕಾಲು ಕೆ.ಜಿ.ಯ ನಾಟಿ ಹೇಂಟೆ ಎರಡು ಮೂರು ಆರಿಸಿ ಹುಂಜದ ಜೊತೆ ಬೇರೆ ಗೂಡಲ್ಲಿ ಬಿಡಿ. ಬಾಲದ ಕೆಳಗೆ ಪುಕ್ಕ ದಟ್ಟವಾಗಿದ್ದರೆ ಗುದದ ಸುತ್ತ ಕತ್ತರಿಯಿಂದ ಸ್ವಲ್ಪ ಸವರಿ. ಈಗಿರುವ ಗಿರಿರಾಜನ ವೀರ್ಯ ಆ ಹೇಂಟೆಗಳಲ್ಲಿ ಉಳಿದಿರುತ್ತದೆ, ಹಾಗಾಗಿ ಬೇರೆ ಮಾಡಿ ಮೂರು ವಾರ ಕಳೆದ ಮೇಲಿನ ಮೊಟ್ಟೆಯನ್ನೇ ಮರಿಗೆ ಇಡಿ. ಇನ್ನೊಂದು ಎಚ್ಚರಿಕೆ, ಗಿರಿರಾಜ ಮತ್ತು ಗಿಡ್ಡ ಹುಂಜ ಎರಡನ್ನೂ ಒಂದೇ ಹಿತ್ತಲಲ್ಲಿ ಬಿಡಬೇಡಿ. ಗಿಡ್ಡ ಹುಂಜಗಳಿಗೆ ರೋಷ ಜಾಸ್ತಿ, ತಾನೇ ಹೋಗಿ ಮೈಮೇಲೆ ಬೀಳುತ್ತದೆ, ಪೆಟ್ಟು ತಿನ್ನೋದೂ ಅದೇ.

ನಿಮ್ಮ ಬ್ಯಾಂಟಮ್ ಜೋಡಿಯಲ್ಲೇ ಮೊದಲು ಮರಿ ಕಡಿಮೆ ಬರ್ತಿತ್ತು ಅಂದಿರಲ್ಲ, ಅದಕ್ಕೆ ಬೇರೆಯೇ ಕಾರಣ ಇರಬಹುದು. ಕಾಲು ತೀರಾ ಗಿಡ್ಡ, ಎದೆ ನೆಲಕ್ಕೆ ತಾಗುವಷ್ಟು, ಬಾಲ ತಲೆಗಿಂತ ಎತ್ತರಕ್ಕೆ ನೆಟ್ಟಗೆ ನಿಂತಿದೆಯಾ? ಹಾಗಿದ್ದರೆ ಅದು ಜಪಾನೀಸ್ ಬ್ಯಾಂಟಮ್ ಬಗೆಯದು. ಆ ಗಿಡ್ಡ ಕಾಲಿಗೆ ಕಾರಣವಾದ ವಂಶವಾಹಿಯನ್ನು ಕ್ರೀಪರ್ ಅನ್ನುತ್ತಾರೆ. ಒಂದು ಪ್ರತಿ ಬಂದರೆ ಕಾಲು ಗಿಡ್ಡ. ಅಪ್ಪ ಅಮ್ಮ ಇಬ್ಬರಿಂದಲೂ ಬಂದು ಎರಡು ಪ್ರತಿ ಆದರೆ ಮರಿ ಮೊಟ್ಟೆಯೊಳಗೆ ಮೊದಲ ವಾರದಲ್ಲೇ ಸಾಯುತ್ತದೆ. ಗಿಡ್ಡ ಕಾಲಿನ ಹುಂಜ, ಗಿಡ್ಡ ಕಾಲಿನ ಹೇಂಟೆ ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಹೀಗೆ ಹೋಗುತ್ತದೆ, ಎರಡು ಗಿಡ್ಡ ಕಾಲಿನವು, ಒಂದು ಉದ್ದ ಕಾಲಿನದು. ಎಷ್ಟು ಚೆನ್ನಾಗಿ ಕಾವು ಕೊಟ್ಟರೂ ಇದು ತಪ್ಪೋದಿಲ್ಲ. ಅದೇ ಹೇಂಟೆಗೆ ಉದ್ದ ಕಾಲಿನ ಹುಂಜ ಕೊಟ್ಟರೆ ಎರಡು ಪ್ರತಿ ಬರೋ ಸಾಧ್ಯತೆಯೇ ಇಲ್ಲ, ಮರಿಗಳಲ್ಲಿ ಅರ್ಧ ಗಿಡ್ಡ ಕಾಲು, ಅರ್ಧ ಉದ್ದ ಕಾಲು. ಅಂದರೆ ಈ ಒಂದು ವಿಷಯದಲ್ಲಿ ಕ್ರಾಸ್ ನಿಮ್ಮ ಮರಿಗಳನ್ನು ಉಳಿಸುತ್ತದೆ! ಬದುಕಿರುವ ಎರಡು ಮರಿಗಳ ಕಾಲು ಹೋಲಿಸಿ ನೋಡಿ, ಬಹುಶಃ ಈಗಲೇ ವ್ಯತ್ಯಾಸ ಕಾಣುತ್ತದೆ.

ಮರಿ ಎಷ್ಟು ದೊಡ್ಡ ಆಗುತ್ತದೆ ಅಂದಿರಿ. ಮೊದಲ ತಲೆಮಾರು ನಡುವಿನ ಗಾತ್ರ. ಮುಕ್ಕಾಲು ಕೆ.ಜಿ. ಮತ್ತು ಮೂರೂವರೆ ಕೆ.ಜಿ. ನಡುವೆ ಅಂದರೆ ಸರಿಯಾಗಿ ಮಧ್ಯಕ್ಕಿಂತ ಸ್ವಲ್ಪ ಕೆಳಗೆ, ಒಂದೂವರೆ ಎರಡು ಕೆ.ಜಿ. ಆಸುಪಾಸು ಅಂದುಕೊಳ್ಳಿ, ಹುಂಜ ಸ್ವಲ್ಪ ಹೆಚ್ಚು. ಶುರುವಿನಲ್ಲಿ ಸಣ್ಣ ಮೊಟ್ಟೆಯಿಂದ ಬಂದದ್ದಕ್ಕೆ ಪುಟ್ಟದಾಗಿ ಕಾಣುತ್ತದೆ, ಕೆಲವು ವಾರದಲ್ಲಿ ಅಪ್ಪನ ಬೆಳವಣಿಗೆ ಕಾಣಿಸುತ್ತದೆ. ಗಾತ್ರ ಒಂದೇ ವಂಶವಾಹಿಯ ಕೆಲಸ ಅಲ್ಲ, ಹತ್ತಾರು ಸೇರಿ ಆಗೋದು. ಆದರೆ ಸೆಬ್ರೈಟ್‌ನಂಥ ಕೆಲವು ಬ್ಯಾಂಟಮ್‌ಗಳಲ್ಲಿ ಮೈ ಕುಗ್ಗಿಸುವ ಒಂದು ವಂಶವಾಹಿ ಲಿಂಗದ ವರ್ಣತಂತುವಿನ ಮೇಲೇ ಇದೆ. ಕೋಳಿಯಲ್ಲಿ ಹೆಣ್ಣುಮರಿ ಆ ವರ್ಣತಂತುವನ್ನು ಅಪ್ಪನಿಂದ ಮಾತ್ರ ಪಡೆಯುತ್ತದೆ. ಹಾಗಾಗಿ ಅಂಥ ಗಿಡ್ಡ ಹುಂಜದ ಹೆಣ್ಣುಮರಿಗಳು ಸಣ್ಣ ಇರುತ್ತವೆ, ದೊಡ್ಡ ಹುಂಜ ಮತ್ತು ಗಿಡ್ಡ ಹೇಂಟೆಯ ಹೆಣ್ಣುಮರಿಗಳು ಅಷ್ಟು ಸಣ್ಣ ಇರೋದಿಲ್ಲ. ನಿಮ್ಮ ಮಗಳಿಗೆ ಪುಟ್ಟ ಹೇಂಟೆಗಳೇ ಬೇಕು ಅಂದರೆ ಗಿಡ್ಡ ಹುಂಜದ ದಾರಿಗೆ ಇದು ಇನ್ನೊಂದು ಕಾರಣ. ಕ್ರಾಸ್ ಮರಿಗಳನ್ನು ಮತ್ತೆ ತಮ್ಮತಮ್ಮಲ್ಲೇ ಕೂಡಿಸಿದರೆ ಎರಡನೇ ತಲೆಮಾರಿನಲ್ಲಿ ಒಂದು ಅಂಗೈಯಗಲ, ಒಂದು ನಾಟಿಯಷ್ಟು, ಒಂದು ಅದಕ್ಕೂ ದೊಡ್ಡ, ಹೀಗೆ ಕಲಸುಮೇಲೋಗರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜವೇ ಹಲವು ತಳಿಗಳ ಮಿಶ್ರಣ, ಅದರ ಮರಿಗಳಲ್ಲೂ ಬಣ್ಣ ಗಾತ್ರ ಒಂದೇ ಥರ ಇರೋದಿಲ್ಲ ಅಂತ ನೀವೇ ನೋಡಿರುತ್ತೀರಿ.

ಮುಂದಿನ ಸಲ ಮೊಟ್ಟೆ ಇಡೋವಾಗ ಏನು ಮಾಡಬೇಕು ಅಂತ ಹೇಳುತ್ತೇನೆ. ಏಳು ದಿನಕ್ಕಿಂತ ಹಳೇ ಮೊಟ್ಟೆ ಬೇಡ. ಬೇಸಿಗೆಯಲ್ಲಿ ಅಗಲ ಬಾಯಿಯ ಮಡಕೆಯನ್ನು ಒದ್ದೆ ಮರಳಲ್ಲಿ ಅರ್ಧ ಹೂತು, ಒಳಗೆ ಬಟ್ಟೆ ಹಾಸಿ, ಚೂಪು ತುದಿ ಕೆಳಗೆ ಮಾಡಿ ಮೊಟ್ಟೆ ಇಡಿ. ಫ್ರಿಜ್ ಬೇಡ, ಅದು ಅತಿ ತಂಪು. ನಾಟಿ ಮತ್ತು ಬ್ಯಾಂಟಮ್ ಒಟ್ಟಿಗೆ ಇಡಲೇಬೇಕಾದರೆ ನಾಟಿಯನ್ನು ಇವತ್ತು ಇಡಿ, ಬ್ಯಾಂಟಮ್ ಮೊಟ್ಟೆಯನ್ನು ಒಂದು ದಿನ ಬಿಟ್ಟು ಇಡಿ. ಆಗ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಡೆಯುತ್ತವೆ. ತಾನಾಗಿ ತಿರುಗಿಸುವ ಟ್ರೇ ದೊಡ್ಡ ಮೊಟ್ಟೆಯ ಅಳತೆಯದು, ಸಣ್ಣದು ಅದರಲ್ಲಿ ಸರಿಯಾಗಿ ಉರುಳದೆ ಜಾರಿ ನಿಂತುಬಿಡುತ್ತದೆ. ಅವನ್ನು ಕೈಯಲ್ಲೇ ದಿನಕ್ಕೆ ಮೂರೋ ಐದೋ ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕೆ ಅಂದರೆ, ಪ್ರತಿ ರಾತ್ರಿ ಮೊಟ್ಟೆ ಬೇರೆ ಮಗ್ಗುಲಲ್ಲಿ ಮಲಗುತ್ತದೆ.

ತೇವಾಂಶ ಮೊದಲಿಂದ 50–55 ಇರಲಿ, ಮೊದಲ ಮೊಟ್ಟೆ ಒಡೆಯೋಕೆ ಎರಡು ಮೂರು ದಿನ ಇದೆ ಅನ್ನುವಾಗ 65–70ಕ್ಕೆ ಏರಿಸಿ, ತಿರುಗಿಸೋದು ನಿಲ್ಲಿಸಿ. ಮೀಟರ್ ಮೇಲೆ ಪೂರ್ತಿ ನಂಬಿಕೆ ಬೇಡ, ಅಗ್ಗದ ಮೀಟರ್‌ಗಳು ಹತ್ತು ಅಂಕ ಆಚೀಚೆ ತೋರಿಸೋದು ಮಾಮೂಲು. ಚಿನ್ನ ತೂಗುವ ಥರದ ಸಣ್ಣ ಡಿಜಿಟಲ್ ತಕ್ಕಡಿ ಸಿಗುತ್ತದೆ, ಅದರಲ್ಲಿ ಮೂರು ಬ್ಯಾಂಟಮ್ ಮೊಟ್ಟೆ ತೂಗಿ ಪೆನ್ಸಿಲ್‌ನಲ್ಲಿ ಮೊಟ್ಟೆ ಮೇಲೇ ಬರೆಯಿರಿ. 32 ಗ್ರಾಂ ಇದ್ದದ್ದು 18ನೇ ದಿನಕ್ಕೆ 28 ಗ್ರಾಂ ಸುತ್ತಮುತ್ತ ಇರಬೇಕು, ಒಂಬತ್ತನೇ ದಿನಕ್ಕೆ 30. ಒಂಬತ್ತಕ್ಕೇ 29ಕ್ಕೆ ಇಳಿದಿದ್ದರೆ ಒಣಗುತ್ತಿದೆ, ನೀರಿನ ತಟ್ಟೆ ಅಗಲದ್ದು ಇಡಿ. ಆಳ ಹೆಚ್ಚಿಸಿ ಪ್ರಯೋಜನ ಇಲ್ಲ, ನೀರಿನ ಮೇಲ್ಮೈ ಹೆಚ್ಚಬೇಕು. ಒದ್ದೆ ಸ್ಪಂಜು ಇಟ್ಟರೂ ಆಗುತ್ತದೆ. ಫ್ಯಾನ್ ಇಲ್ಲದ ಬಲ್ಬ್ ಪೆಟ್ಟಿಗೆ ಇರೋರಿಗೆ ಇನ್ನೊಂದು ಮಾತು: ಅಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಥರ್ಮಾಮೀಟರ್ ಮೊಟ್ಟೆಯ ತಲೆಯ ಮಟ್ಟದಲ್ಲಿ ಇರಬೇಕು, ಅಲ್ಲಿ 38.3ರಿಂದ 38.9 ಇರಬೇಕು. ಸಣ್ಣ ಮೊಟ್ಟೆಯ ತಲೆ ಇನ್ನೂ ಕೆಳಗೆ, ಆದ್ದರಿಂದ ಅವಕ್ಕೆ ಬೇರೆ ಪೆಟ್ಟಿಗೆಯೇ ಒಳ್ಳೆಯದು.

ಕರೆಂಟ್ ಹೋದರೆ ಗಾಬರಿ ಬೇಡ. ಮುಚ್ಚಳ ತೆಗೆಯದೆ ಮೇಲೆ ಕಂಬಳಿ ಹೊದಿಸಿ, ಒಂದೆರಡು ಗಂಟೆ ತಂಪಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ತಡೆಯದೇ ಇರೋದು ಅತಿ ಬಿಸಿ. 40 ಡಿಗ್ರಿ ಕೆಲವು ಗಂಟೆ ನಿಂತರೆ ಪೂರ್ತಿ ತಂಡವೇ ಹೋಗಬಹುದು. ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡೋರಿದ್ದಾರೆ. ಗುಡುಗಿನ ದಿನ ಇನ್‌ಕ್ಯುಬೇಟರ್ ಮೊಟ್ಟೆ ಕೆಡೋದಕ್ಕೆ ಕಾರಣ ಗುಡುಗಲ್ಲ, ಬಹಳ ಹೊತ್ತು ಕರೆಂಟು ಹೋಗೋದು.

ಮರಿ ಚಿಪ್ಪು ಕುಕ್ಕಿದ ಮೇಲೆ 12ರಿಂದ 24 ಗಂಟೆ ಸುಮ್ಮನಿರೋದು ಸಹಜ. ಆ ಹೊತ್ತಲ್ಲಿ ಅದು ಪೊರೆಯ ರಕ್ತನಾಳ ಖಾಲಿ ಮಾಡಿ, ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಾ ಇರುತ್ತದೆ. ಅವಸರಪಟ್ಟು ಚಿಪ್ಪು ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. 24 ಗಂಟೆ ದಾಟಿದರೂ ಮುಂದುವರಿಯದೆ, ಪೊರೆ ಕಂದಾಗಿ ಒಣಗಿ ಕಂಡರೆ ಮಾತ್ರ, ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಪೊರೆ ಒದ್ದೆ ಮಾಡಿ, ಕೊಕ್ಕಿನ ಸುತ್ತ ಸ್ವಲ್ಪ ಸ್ವಲ್ಪ ಚಿಪ್ಪು ತೆಗೆಯಿರಿ. ರಕ್ತದ ಗೆರೆ ಕಂಡ ಕೂಡಲೇ ನಿಲ್ಲಿಸಿ ಪೆಟ್ಟಿಗೆಗೆ ವಾಪಸ್ ಇಡಿ.

ಇದ್ಯಾವುದೂ ಬೇಡ ಅನ್ನಿಸಿದರೆ, ನಿಮ್ಮ ಗಿಡ್ಡ ಹೇಂಟೆ ಕಾವಿಗೆ ಕೂತಾಗ ಅದರ ಮೊಟ್ಟೆ ಏಳೆಂಟು ಅದಕ್ಕೇ ಕೊಡಿ. ನಾನಾದರೆ ಇದನ್ನೇ ಮಾಡುತ್ತೇನೆ. ತೇವಾಂಶ, ತಿರುಗಿಸೋದು, ಬಿಸಿ ಎಲ್ಲ ಅದು ನೋಡಿಕೊಳ್ಳುತ್ತದೆ, ಯಾವ ಪೆಟ್ಟಿಗೆಗೂ ಅದರಷ್ಟು ಚೆನ್ನಾಗಿ ಬರೋದಿಲ್ಲ. ಆದರೆ ಅದರ ಕೆಳಗೆ ನಾಟಿ ಮೊಟ್ಟೆ ಬೆರೆಸಬೇಡಿ. ಬ್ಯಾಂಟಮ್ ಮರಿ ಮೊದಲು ಬಂದು ಕೀಚ್ ಕೀಚ್ ಅಂದ ಮೇಲೆ ತಾಯಿ ಒಂದೆರಡು ದಿನದಲ್ಲಿ ಎದ್ದು ಮರಿಗಳ ಹಿಂದೆ ಹೊರಟುಬಿಡುತ್ತದೆ, ಇನ್ನೂ ಒಡೆಯದ ದೊಡ್ಡ ಮೊಟ್ಟೆಗಳು ಅಲ್ಲೇ ತಣ್ಣಗಾಗುತ್ತವೆ.

ಈಗಿರುವ ಎರಡು ಪುಟ್ಟ ಮರಿಗಳನ್ನು ಆ 11 ನಾಟಿ ಮರಿಗಳ ಜೊತೆಗೆ ಬಿಟ್ಟಿದ್ದೀರಾ? ಹಾಗಿದ್ದರೆ ಬೇರೆ ಮಾಡಿ. 21 ಗ್ರಾಂ ಮರಿ ಬೇಗ ತಣ್ಣಗಾಗುತ್ತದೆ, ಗುಂಪು ಸೇರಿದಾಗ ಅಡಿಗೆ ಬೀಳುತ್ತದೆ, ನೀರಿನ ತಟ್ಟೆಯಲ್ಲಿ ಮುಳುಗೋದೂ ಇದೆ. ತಟ್ಟೆಗೆ ಸಣ್ಣ ಕಲ್ಲು ಹಾಕಿ ನೀರು ಮೇಲೆ ಮೇಲೆ ಇರೋ ಹಾಗೆ ಮಾಡಿ. ಮೊದಲ ವಾರ ಬಲ್ಬ್ ಕೆಳಗೆ 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಿ. ಕೊಕ್ಕರೆ ರೋಗಕ್ಕೆ ಕೊಡುವ ಲಸೋಟಾ ಲಸಿಕೆಯ ಹನಿ 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಹಾಕಿಸಿ, 28ನೇ ದಿನದ ಸುಮಾರಿಗೆ ಇನ್ನೊಮ್ಮೆ. ಮರಿ ಪುಟ್ಟದು ಅಂತ ಅರ್ಧ ತೊಟ್ಟು ಹಾಕಬೇಡಿ, ಲಸಿಕೆಯ ಪ್ರಮಾಣ ತೂಕ ನೋಡಿ ಕೊಡೋದಲ್ಲ. ಮುಂದೆ ಈ ಮರಿಗಳನ್ನು ಯಾರಿಗಾದರೂ ಕೊಡುವಾಗ ಬ್ಯಾಂಟಮ್ ಅಂತ ಹೇಳಬೇಡಿ, ಕ್ರಾಸ್ ಅಂತಲೇ ಹೇಳಿ ಕೊಡಿ, ಇಲ್ಲದಿದ್ದರೆ ಅವರು ಇದನ್ನೇ ಜೋಡಿ ಮಾಡಿ, ಮರಿ ಒಂದೊಂದು ಒಂದೊಂದು ಥರ ಬಂದಾಗ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.